ಹೃದಯ ವೈಫಲ್ಯಕ್ಕೆ ವಂಶವಾಹಿ ಮೌನೀಕರಣ ಚಿಕಿತ್ಸೆ

ರೋಗಕ್ಕೆ ಕಾರಣವಾಗುವ ಪ್ರೋಟೀನೊಂದು ಜೀವಕೋಶದಲ್ಲಿ ತಯಾರಾಗುವ ಮೊದಲೇ ಅದರ ತಯಾರಿಕೆಯ ಸಂದೇಶವನ್ನು ನಾಶಮಾಡಿ, ಆ ಮೂಲಕ ಸಂಬಂಧಪಟ್ಟ ವಂಶವಾಹಿಯ ಅಭಿವ್ಯಕ್ತಿಯನ್ನು ತಗ್ಗಿಸುವ ವಿಧಾನಕ್ಕೆ ವಂಶವಾಹಿ ಮೌನೀಕರಣ ಎಂದು ಹೆಸರು. ಈ ವಿಧಾನದಲ್ಲಿ ವಂಶವಾಹಿಯನ್ನು ಕತ್ತರಿಸುವುದಾಗಲಿ ಬದಲಿಸುವುದಾಗಲಿ ಇಲ್ಲ. ಅದು ಕೋಶಕೇಂದ್ರದಲ್ಲಿ ಇದ್ದ ಹಾಗೆಯೇ ಇರುತ್ತದೆ, ಅದರ ಮಾತು ಮಾತ್ರ ಹೊರಗೆ ತಲುಪುವುದಿಲ್ಲ. ಮೌನ ಎಂಬ ಪದವೂ ಕೊಂಚ ಹೆಚ್ಚಿನದೇ, ಏಕೆಂದರೆ ಇಂದಿನ ಔಷಧಗಳು ಪ್ರೋಟೀನಿನ ಪ್ರಮಾಣವನ್ನು ಶೇಕಡಾ 80ರಷ್ಟೋ ಅದಕ್ಕೆ ತುಸು ಹೆಚ್ಚೋ ಇಳಿಸುತ್ತವೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿ ಈ ವಿಧಾನಕ್ಕೆ ದೊರೆತ ಮೊದಲ ಗಟ್ಟಿಯಾದ ಯಶಸ್ಸು ಹೃದಯದೊಳಗೆ ದೊರೆತದ್ದಲ್ಲ, ಯಕೃತ್ತಿನಲ್ಲಿ ದೊರೆತದ್ದು. ಈ ಚಿಕಿತ್ಸೆಯ ಶಕ್ತಿ ಮತ್ತು ಮಿತಿ ಎರಡೂ ಈ ಒಂದು ಸಂಗತಿಯಿಂದಲೇ ಹೊಮ್ಮಿವೆ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ಪಂಪು ಮಾಡಲಾರದೆ, ಅಥವಾ ಒಳಗಿನ ಒತ್ತಡ ಏರಿದರಷ್ಟೇ ಪಂಪು ಮಾಡಬಲ್ಲುದಾಗಿ, ಉಸಿರಾಟದ ಕಷ್ಟ, ಕಾಲಿನ ಬಾವು, ಆಯಾಸಗಳು ಕಾಣಿಸಿಕೊಳ್ಳುವ ಸ್ಥಿತಿ. ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗಿಕೊಂಡು, ಪ್ರತಿ ಬಡಿತದಲ್ಲಿ ಹೊರಹೋಗುವ ರಕ್ತದ ಪಾಲು ಇಳಿಯುವುದು ಇದರ ಒಂದು ಬಗೆ. ಸ್ನಾಯು ಸಂಕುಚಿಸುವುದರಲ್ಲಿ ಹೆಚ್ಚು ಕೊರತೆಯಿಲ್ಲದಿದ್ದರೂ ಬಿಗಿದುಕೊಂಡು ಸಡಿಲಗೊಳ್ಳಲಾರದೆ, ರಕ್ತ ಒಳಬರುವುದಕ್ಕೇ ತಡೆಯಾಗುವುದು ಇನ್ನೊಂದು ಬಗೆ. ಜಗತ್ತಿನಲ್ಲಿ 6 ಕೋಟಿಗೂ ಹೆಚ್ಚು ಮಂದಿ ಹೃದಯ ವೈಫಲ್ಯದಿಂದ ಬಳಲುತ್ತಿದ್ದಾರೆಂದು ಅಂದಾಜಿದೆ. ಬೀಟಾ ತಡೆಗಳು, ಆಂಜಿಯೊಟೆನ್ಸಿನ್ ವ್ಯವಸ್ಥೆಯನ್ನು ಹತ್ತಿಕ್ಕುವ ಮಾತ್ರೆಗಳು, ಆಲ್ಡೊಸ್ಟೆರೋನ್ ವಿರೋಧಿಗಳು, ಮಧುಮೇಹದ ಔಷಧಗಳಾಗಿ ಬಂದು ಹೃದಯಕ್ಕೂ ನೆರವಾದ ಗ್ಲಿಫ್ಲೋಜಿನ್‌ಗಳು ಇಂದಿನ ಚಿಕಿತ್ಸೆಯ ಮುಖ್ಯ ಆಧಾರಗಳು. ಇವುಗಳಲ್ಲಿ ಹೆಚ್ಚಿನವು ಸೋಲುತ್ತಿರುವ ಹೃದಯಕ್ಕೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯನ್ನು ತಣಿಸುತ್ತವೆ. ಹೃದಯ ಸೋಲಲು ಮೂಲವಾದ ಕಾರಣವನ್ನು ಮುಟ್ಟುವುದು ಕಡಿಮೆ. ಹೃದಯ ವೈಫಲ್ಯವೆಂಬುದು ಒಂದೇ ರೋಗವಲ್ಲ, ಹಲವು ರೋಗಗಳು ಬಂದು ಸೇರುವ ಕೊನೆಯ ನಿಲ್ದಾಣ. ಅವುಗಳಲ್ಲಿ ಒಂದೇ ಪ್ರೋಟೀನಿನ ದೋಷದಿಂದ ಹುಟ್ಟುವ ಕೆಲವನ್ನು ಮಾತ್ರ ಮೌನೀಕರಣದಿಂದ ಮೂಲದಲ್ಲೇ ಹಿಡಿಯಲು ಸಾಧ್ಯ.

ಮೌನೀಕರಣದ ತತ್ತ್ವ

ಜೀವಕೋಶದಲ್ಲಿ ಪ್ರೋಟೀನಿನ ತಯಾರಿಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಡಿಎನ್‌ಎಯಲ್ಲಿರುವ ವಂಶವಾಹಿಯ ನಕಲೊಂದು ಸಂದೇಶವಾಹಕ ಆರ್‌ಎನ್‌ಎ ಎಂಬ ಒಂಟಿ ಎಳೆಯ ರೂಪದಲ್ಲಿ ಸಿದ್ಧವಾಗುತ್ತದೆ. ಬಳಿಕ ಕೋಶರಸದಲ್ಲಿರುವ ರೈಬೋಸೋಮುಗಳು ಆ ಎಳೆಯನ್ನು ಓದಿಕೊಂಡು ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುತ್ತವೆ. ನಡುವಿನ ಈ ಎಳೆಗೆ ಸರಿಹೊಂದುವ ಪೂರಕ ಎಳೆಯೊಂದನ್ನು ಕೃತಕವಾಗಿ ತಯಾರಿಸಿ ಕೋಶಕ್ಕೆ ಸೇರಿಸಿದರೆ ಅದು ಸಂದೇಶಕ್ಕೆ ಅಂಟಿಕೊಂಡು ಓದಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಪಾಲ್ ಝಾಮೆಕ್ನಿಕ್ ಮತ್ತು ಮೇರಿ ಸ್ಟೀಫನ್‌ಸನ್ 1978ರಲ್ಲೇ ಕೋಳಿಗಳಲ್ಲಿ ಗಂತಿಯನ್ನುಂಟುಮಾಡುವ ರೌಸ್ ಸಾರ್ಕೋಮಾ ವೈರಸ್ಸಿನ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಪ್ರತಿಸಂವೇದಿ ಎಳೆಗಳೆಂದು ಕರೆಯಬಹುದಾದ ಔಷಧಗಳ ವರ್ಗ ಇದರಿಂದ ಬೆಳೆಯಿತು.

ಇನ್ನೊಂದು ದಾರಿ ತೆರೆದದ್ದು ಆಕಸ್ಮಿಕವಾಗಿ. ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಗಾಢಗೊಳಿಸಲೆಂದು ವರ್ಣದ್ರವ್ಯದ ವಂಶವಾಹಿಯ ಹೆಚ್ಚುವರಿ ಪ್ರತಿಗಳನ್ನು ಗಿಡಕ್ಕೆ ಸೇರಿಸಿದ ಸಸ್ಯವಿಜ್ಞಾನಿಗಳಿಗೆ ಬಿಳಿ ಹೂಗಳೂ ಬಿಳಿ ಪಟ್ಟೆಗಳ ಹೂಗಳೂ ದೊರೆತವು. ಸೇರಿಸಿದ ವಂಶವಾಹಿ ತಾನೂ ಸುಮ್ಮನಾಗಿ, ಗಿಡದ ಸ್ವಂತ ವಂಶವಾಹಿಯನ್ನೂ ಸುಮ್ಮನಾಗಿಸಿತ್ತು. 1990ರಲ್ಲಿ ಪ್ರಕಟವಾದ ಈ ಒಗಟಿಗೆ ಉತ್ತರ ದೊರೆತದ್ದು 1998ರಲ್ಲಿ. ಕೇವಲ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರ ಮೇಲೆ ಕೆಲಸ ಮಾಡುತ್ತಿದ್ದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ, ಒಂಟಿ ಎಳೆಗಿಂತ ಜೋಡಿ ಎಳೆಯ ಆರ್‌ಎನ್‌ಎ ಬಹು ಪಟ್ಟು ಸಮರ್ಥವಾಗಿ ವಂಶವಾಹಿಯನ್ನು ಮೌನಗೊಳಿಸುತ್ತದೆಂದು ಕಂಡುಕೊಂಡು, ಅದಕ್ಕೆ ಆರ್‌ಎನ್‌ಎ ಹಸ್ತಕ್ಷೇಪವೆಂದು ಹೆಸರಿಟ್ಟರು. ಇದಕ್ಕಾಗಿ 2006ರ ವೈದ್ಯಕೀಯ ನೊಬೆಲ್ ಬಹುಮಾನ ಅವರಿಬ್ಬರಿಗೆ ಸಂದಿತು. ಆದರೆ ಉದ್ದನೆಯ ಜೋಡಿ ಎಳೆಗಳು ಸಸ್ತನಿಗಳ ಕೋಶಕ್ಕೆ ಹೊಕ್ಕರೆ ಅದನ್ನು ವೈರಸ್ಸಿನ ದಾಳಿಯೆಂದು ಬಗೆದು ಕೋಶ ಉಗ್ರವಾಗಿ ಪ್ರತಿಕ್ರಿಯಿಸುತ್ತಿತ್ತು. ಸುಮಾರು 21 ನ್ಯೂಕ್ಲಿಯೋಟೈಡುಗಳಷ್ಟು ಗಿಡ್ಡನೆಯ ಜೋಡಿ ಎಳೆಗಳಾದರೆ ಆ ಎಚ್ಚರಿಕೆಯ ಗಂಟೆ ಬಾರಿಸದೆಯೇ ಕೆಲಸ ಸಾಗುತ್ತದೆಂದು ಥಾಮಸ್ ತುಶ್ಲ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ ಮೇಲೆಯೇ ಹುಳುವಿನ ಸಂಶೋಧನೆ ಮನುಷ್ಯರ ಔಷಧವಾಗುವ ದಾರಿ ಹಿಡಿಯಿತು.

ಈ ಗಿಡ್ಡ ಜೋಡಿ ಎಳೆ ಕೋಶರಸವನ್ನು ಸೇರಿದ ಬಳಿಕ ಅಲ್ಲಿರುವ ಪ್ರೋಟೀನುಗಳ ಸಂಕೀರ್ಣವೊಂದು ಅದನ್ನು ಹಿಡಿದುಕೊಂಡು, ಎರಡು ಎಳೆಗಳಲ್ಲಿ ಒಂದನ್ನು ಕಿತ್ತೆಸೆದು, ಉಳಿದದ್ದನ್ನು ದಾರಿ ತೋರುವ ಎಳೆಯಾಗಿ ಇಟ್ಟುಕೊಳ್ಳುತ್ತದೆ. ಆ ಎಳೆಗೆ ತಾಳೆಯಾಗುವ ಸಂದೇಶವಾಹಕ ಆರ್‌ಎನ್‌ಎ ಎದುರಾದಾಗ ಸಂಕೀರ್ಣದ ಅರ್ಗನಾಟ್ ಎಂಬ ಕಿಣ್ವ ಅದನ್ನು ನಡುವೆ ಕತ್ತರಿಸುತ್ತದೆ. ಕತ್ತರಿಸಿದ ಮೇಲೂ ದಾರಿ ತೋರುವ ಎಳೆಗೆ ಏನೂ ಆಗುವುದಿಲ್ಲ. ಅದೇ ಎಳೆ ಮುಂದಿನ ಸಂದೇಶವನ್ನು ಹುಡುಕುತ್ತದೆ, ಕತ್ತರಿ ಮತ್ತೆ ಆಡುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಒಂದು ಚುಚ್ಚುಮದ್ದು ಸಾಕಾಗುವುದರ ಗುಟ್ಟಿನ ಒಂದು ಭಾಗ ಈ ಮರುಬಳಕೆಯಲ್ಲಿದೆ.

ಹೃದಯವನ್ನು ತಲುಪುವ ಕಷ್ಟ, ಯಕೃತ್ತಿನ ಅನುಕೂಲ

ತತ್ತ್ವ ಇಷ್ಟು ಸರಳವಾಗಿದ್ದರೂ ಔಷಧವಾಗಲು ಅದಕ್ಕೆ ಸುಮಾರು ಎರಡು ದಶಕ ಹಿಡಿಯಿತು. ತಡವಾದದ್ದು ಎಳೆಯನ್ನು ತಯಾರಿಸುವುದರಲ್ಲಲ್ಲ, ತಲುಪಿಸುವುದರಲ್ಲಿ. ಬರಿಯ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಅಲ್ಲಿನ ಕಿಣ್ವಗಳು ಅದನ್ನು ನಿಮಿಷಗಳಲ್ಲಿ ಚೂರುಮಾಡುತ್ತವೆ, ಉಳಿದದ್ದು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಋಣ ವಿದ್ಯುದಂಶ ಹೊತ್ತ ಈ ದೊಡ್ಡ ಅಣು ಕೋಶದ ಕೊಬ್ಬಿನ ಪೊರೆಯನ್ನು ತಾನಾಗಿ ದಾಟಲಾರದು. ಹೇಗೋ ಕೋಶದೊಳಗಿನ ಚೀಲಗಳನ್ನು ಹೊಕ್ಕರೂ ಅವುಗಳಿಂದ ಪಾರಾಗಿ ಕೋಶರಸಕ್ಕೆ ಬರುವುದು ತೀರ ಅಲ್ಪ ಭಾಗ ಮಾತ್ರ.

ಯಕೃತ್ತಿನ ವಿಷಯದಲ್ಲಿ ಈ ಅಡ್ಡಿಗಳನ್ನು ದಾಟಲು ಎರಡು ಉಪಾಯಗಳು ದೊರೆತವು. ಆರ್‌ಎನ್‌ಎಯನ್ನು ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಹುದುಗಿಸಿ ರಕ್ತನಾಳದ ಮೂಲಕ ಹರಿಸುವುದು ಮೊದಲನೆಯದು. ರಕ್ತದಲ್ಲಿ ಈ ಕಣಗಳ ಮೇಲೆ ಅಪೋಲಿಪೋಪ್ರೋಟೀನ್ ಇ ಎಂಬ ಪ್ರೋಟೀನು ಕವಿಯುವುದರಿಂದ ಯಕೃತ್ತಿನ ಕೋಶಗಳು ಅವನ್ನು ಕೊಲೆಸ್ಟೆರಾಲ್ ಹೊತ್ತ ಕಣಗಳೆಂದೇ ತಿಳಿದು ಒಳಗೆ ಸೇರಿಸಿಕೊಳ್ಳುತ್ತವೆ. ಕೊಬ್ಬಿನ ಕಣಗಳ ಇದೇ ಬಗೆಯ ತಂತ್ರಜ್ಞಾನ ಮುಂದೆ ಕೋವಿಡ್‌ನ ಸಂದೇಶವಾಹಕ ಆರ್‌ಎನ್‌ಎ ಲಸಿಕೆಗಳಲ್ಲಿ ಜಗತ್ತಿಗೆಲ್ಲ ಪರಿಚಯವಾಯಿತು. ಎರಡನೆಯ ಉಪಾಯ ಇನ್ನೂ ಸೊಗಸಾದದ್ದು. ಯಕೃತ್ತಿನ ಕೋಶಗಳ ಮೇಲ್ಮೈಯಲ್ಲಿ, ಗ್ಯಾಲಕ್ಟೋಸ್ ಬಗೆಯ ಸಕ್ಕರೆಯ ತುದಿಯಿರುವ ಹಳೆಯ ಪ್ರೋಟೀನುಗಳನ್ನು ರಕ್ತದಿಂದ ಹೆಕ್ಕಿ ತೆಗೆಯುವ ಗ್ರಾಹಕವೊಂದು ಅಪಾರ ಸಂಖ್ಯೆಯಲ್ಲಿದೆ. ಆರ್‌ಎನ್‌ಎ ಎಳೆಯ ತುದಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆಯ ಮೂರು ಅಣುಗಳನ್ನು ಕಟ್ಟಿ ಚರ್ಮದಡಿ ಚುಚ್ಚಿದರೆ, ಗ್ರಾಹಕ ಅದನ್ನು ಬಿಡದೆ ಒಳಗೆಳೆದುಕೊಳ್ಳುತ್ತದೆ. ಎಳೆಯ ಸಕ್ಕರೆ ಮತ್ತು ರಂಜಕದ ಕೊಂಡಿಗಳಲ್ಲಿ ಸಣ್ಣ ರಾಸಾಯನಿಕ ಬದಲಾವಣೆ ಮಾಡಿ ಕಿಣ್ವಗಳಿಗೆ ಸುಲಭವಾಗಿ ಬಗ್ಗದಂತೆ ಮಾಡಿರುವುದರಿಂದ, ಅದು ಕೋಶದೊಳಗಿನ ಚೀಲಗಳಲ್ಲಿ ದಾಸ್ತಾನಾಗಿ ಉಳಿದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ.

ಹೃದಯದ ಸ್ನಾಯುಕೋಶಗಳಿಗೆ ಇಷ್ಟೊಂದು ಹೇರಳವಾಗಿಯೂ ಇಷ್ಟೊಂದು ವೇಗವಾಗಿಯೂ ಔಷಧವನ್ನು ಒಳಗೆಳೆದುಕೊಳ್ಳುವ ಅಂಥ ಗ್ರಾಹಕ ದೊರೆತಿಲ್ಲ. ಯಕೃತ್ತಿನ ರಕ್ತನಾಳಗಳ ಗೋಡೆಯಲ್ಲಿರುವಂಥ ಕಿಂಡಿಗಳೂ ಹೃದಯದ ಲೋಮನಾಳಗಳಲ್ಲಿ ಇಲ್ಲ. ಹಾಗಾಗಿ ಯಕೃತ್ತಿನಲ್ಲಿ ಹುಟ್ಟಿ ಹೃದಯವನ್ನು ಕೆಡಿಸುವ ಪ್ರೋಟೀನೊಂದು ಇದ್ದರೆ ಅದೇ ಮೊದಲ ಗುರಿಯಾಗುವುದು ಸಹಜವಾಗಿತ್ತು. ಅಂಥ ಪ್ರೋಟೀನು ಟ್ರಾನ್ಸ್‌ಥೈರೆಟಿನ್.

ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡ್ ಹೃದ್ರೋಗ

ಟ್ರಾನ್ಸ್‌ಥೈರೆಟಿನ್ ಬಹುಪಾಲು ಯಕೃತ್ತಿನಲ್ಲೂ ಸ್ವಲ್ಪ ಭಾಗ ಮೆದುಳು ಮತ್ತು ಕಣ್ಣಿನಲ್ಲೂ ತಯಾರಾಗಿ, ಥೈರಾಯ್ಡ್ ಹಾರ್ಮೋನನ್ನೂ, ಇನ್ನೊಂದು ಪ್ರೋಟೀನಿನ ಜೊತೆಗೂಡಿ ಎ ಜೀವಸತ್ವವನ್ನೂ ರಕ್ತದಲ್ಲಿ ಹೊತ್ತೊಯ್ಯುತ್ತದೆ. ತಲಾ 127 ಅಮೈನೋ ಆಮ್ಲಗಳ ನಾಲ್ಕು ಒಂದೇ ತೆರನ ತುಣುಕುಗಳು ಕೂಡಿ ಇದರ ಅಣುವಾಗಿದೆ. ಈ ನಾಲ್ಕರ ಕಟ್ಟು ಬಿಚ್ಚಿಕೊಂಡು ತುಣುಕುಗಳು ಬಿಡಿಯಾದಾಗ ಅವು ತಪ್ಪಾಗಿ ಮಡಚಿಕೊಂಡು, ಒಂದರ ಮೇಲೊಂದು ಪೇರಿಕೊಂಡು, ಅಮೈಲಾಯ್ಡ್ ಎಂಬ ಕರಗದ ನಾರುಗಳಾಗುತ್ತವೆ. ಈ ನಾರುಗಳು ಹೃದಯದ ಕೋಶಗಳ ನಡುವೆ ಸೇರಿಕೊಂಡಂತೆ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ನರಗಳಲ್ಲಿ ಸೇರಿಕೊಂಡರೆ ಕಾಲು ಕೈಗಳ ಜೋಮು, ನೋವು, ನಿಶ್ಶಕ್ತಿ ಉಂಟಾಗುತ್ತವೆ.

ನರಗಳ ರೂಪವನ್ನು ಮೊದಲು ವಿವರಿಸಿದವರು ಪೋರ್ಚುಗಲ್ಲಿನ ನರವೈದ್ಯ ಕೊರಿನೊ ಡಿ ಆಂಡ್ರಾಡೆ. ಉತ್ತರ ಪೋರ್ಚುಗಲ್ಲಿನ ಪೊವೊವಾ ಡಿ ವಾರ್ಜಿಂ ಸುತ್ತಲಿನ ಮೀನುಗಾರ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿದ್ದ ಕಾಲಿನ ರೋಗವನ್ನು ಅವರು 1952ರಲ್ಲಿ ದಾಖಲಿಸಿದರು. ಅದಕ್ಕೆ ಕಾರಣವಾದ ವಂಶವಾಹಿಯ ರೂಪಾಂತರ ಜಪಾನಿನ ಕೆಲವು ಊರುಗಳಲ್ಲೂ ಸ್ವೀಡನ್ನಿನ ಉತ್ತರ ಭಾಗದಲ್ಲೂ ಇದೆ. ಟ್ರಾನ್ಸ್‌ಥೈರೆಟಿನ್ ವಂಶವಾಹಿಯಲ್ಲಿ ಈಗ 120ಕ್ಕೂ ಹೆಚ್ಚು ರೂಪಾಂತರಗಳು ಗೊತ್ತಿವೆ. ಹೃದಯವನ್ನೇ ಹೆಚ್ಚಾಗಿ ಹಿಡಿಯುವ ರೂಪಾಂತರವೊಂದು ಪಶ್ಚಿಮ ಆಫ್ರಿಕದ ಮೂಲದ್ದಾಗಿದ್ದು, ಆಫ್ರಿಕನ್ ಅಮೆರಿಕನ್ನರಲ್ಲಿ ಶೇಕಡಾ 3ರಿಂದ 4 ಮಂದಿಯಲ್ಲಿದೆ. ಯಾವ ರೂಪಾಂತರವೂ ಇಲ್ಲದವರಲ್ಲಿಯೂ, ವಯಸ್ಸಾದಂತೆ ಸಹಜ ಟ್ರಾನ್ಸ್‌ಥೈರೆಟಿನ್ನೇ ಬಿಚ್ಚಿಕೊಂಡು ಹೃದಯದಲ್ಲಿ ಶೇಖರವಾಗುವುದುಂಟು; ಇದು ಮುಖ್ಯವಾಗಿ 65 ದಾಟಿದ ಗಂಡಸರಲ್ಲಿ ಕಾಣುತ್ತದೆ, ಮತ್ತು ಇಂದು ಪತ್ತೆಯಾಗುತ್ತಿರುವ ರೋಗಿಗಳಲ್ಲಿ ಬಹುಪಾಲು ಇವರೇ. ಬಹುಕಾಲ ಅಪರೂಪವೆಂದು ಎಣಿಸಿದ್ದ ಈ ರೋಗ ಅಷ್ಟೇನೂ ಅಪರೂಪವಲ್ಲವೆಂದು 2015ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ಎಚ್ಚರಿಸಿತು: ಹೃದಯದ ಗೋಡೆ ದಪ್ಪಗಾಗಿ, ಪಂಪು ಮಾಡುವ ಶಕ್ತಿ ಉಳಿದಿದ್ದೂ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 60 ದಾಟಿದವರಲ್ಲಿ ಶೇಕಡಾ 13 ಮಂದಿಗೆ ಈ ರೋಗವಿತ್ತು.

ರೋಗದ ಸುಳಿವು ಹಲವು ಸಲ ಹೃದಯಕ್ಕಿಂತ ವರ್ಷಗಳ ಮೊದಲೇ ಕೈಯಲ್ಲಿ ಸಿಗುತ್ತದೆ. ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡು ಬೆರಳುಗಳು ಜೋಮು ಹಿಡಿಯುವ ತೊಂದರೆ ಎರಡೂ ಕೈಗಳಲ್ಲಿ ಕಾಣಿಸಿಕೊಳ್ಳುವುದು, ಸೊಂಟದ ಬೆನ್ನುಹುರಿಯ ನಾಳ ಕಿರಿದಾಗುವುದು, ಭಾರವೇನೂ ಎತ್ತದೆಯೇ ತೋಳಿನ ಸ್ನಾಯುರಜ್ಜು ಹರಿಯುವುದು ಇವೆಲ್ಲ ಅದೇ ನಾರುಗಳ ಕೆಲಸವಾಗಿರಬಹುದು. ಎಕೋ ಪರೀಕ್ಷೆಯಲ್ಲಿ ಗೋಡೆ ದಪ್ಪಗೆ ಕಂಡರೂ ಇಸಿಜಿಯ ಅಲೆಗಳು ಅದಕ್ಕೆ ತಕ್ಕಷ್ಟು ಎತ್ತರವಾಗಿಲ್ಲದಿರುವುದು ವೈದ್ಯರ ಕಣ್ಣಿಗೆ ಬೀಳಬೇಕಾದ ವಿರೋಧಾಭಾಸ. ಮೂಳೆಗಳ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಮ್ ವಿಕಿರಣವಸ್ತು ಈ ಹೃದಯಗಳಲ್ಲಿ ಅಂಟಿಕೊಂಡು ಹೊಳೆಯುತ್ತದೆಂಬುದು ಗೊತ್ತಾಗಿ, ಜೊತೆಗೆ ರಕ್ತ ಮತ್ತು ಮೂತ್ರದ ಪರೀಕ್ಷೆಗಳಿಂದ ಮೂಳೆಮಜ್ಜೆಯ ಮೂಲದ ಇನ್ನೊಂದು ಬಗೆಯ ಅಮೈಲಾಯ್ಡ್ ರೋಗ ಇಲ್ಲವೆಂದು ಖಚಿತಪಡಿಸಿಕೊಂಡರೆ, ಹೃದಯದಿಂದ ಚೂರು ಕತ್ತರಿಸಿ ನೋಡದೆಯೇ ರೋಗವನ್ನು ನಿರ್ಣಯಿಸಬಹುದೆಂದು 2016ರಿಂದ ಒಪ್ಪಿತವಾಗಿದೆ. ಪರಮಾಣು ವೈದ್ಯಕೀಯ ವಿಭಾಗವಿರುವ ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ಈ ಸ್ಕ್ಯಾನ್ ಮಾಡಲು ಸಾಧ್ಯವಿರುವುದರಿಂದ, ಭಾರತದಂಥ ದೇಶದಲ್ಲಿ ಕೊರತೆ ಯಂತ್ರದ್ದಕ್ಕಿಂತ ಅನುಮಾನಪಡುವ ಅಭ್ಯಾಸದ್ದೇ ಹೆಚ್ಚು ಎನ್ನಬೇಕು.

ರೋಗದ ಬುಡ ಯಕೃತ್ತಿನಲ್ಲಿದೆ ಎಂಬುದು ಮೊದಲು ಸಾಬೀತಾದದ್ದು ಶಸ್ತ್ರಚಿಕಿತ್ಸೆಯಿಂದ. 1990ರಲ್ಲಿ ಸ್ವೀಡನ್ನಿನಲ್ಲಿ ಆನುವಂಶಿಕ ರೂಪದ ರೋಗಿಗೆ ಯಕೃತ್ತಿನ ಕಸಿ ಮಾಡಿದಾಗ ರಕ್ತದಲ್ಲಿನ ದೋಷಯುಕ್ತ ಪ್ರೋಟೀನು ಬಹುಮಟ್ಟಿಗೆ ಮಾಯವಾಯಿತು. ಆದರೆ ಕಸಿಯಾದ ಕೆಲವರ ಹೃದಯದಲ್ಲಿ, ಆಗಲೇ ಬೇರೂರಿದ್ದ ನಾರುಗಳನ್ನು ಆಧಾರವಾಗಿ ಹಿಡಿದು, ಹೊಸ ಯಕೃತ್ತು ತಯಾರಿಸಿದ ಸಹಜ ಪ್ರೋಟೀನೂ ಶೇಖರವಾಗುತ್ತಲೇ ಹೋಯಿತು. ದೋಷಯುಕ್ತ ಪ್ರೋಟೀನನ್ನಷ್ಟೇ ಅಲ್ಲ, ಸಹಜವಾದದ್ದನ್ನೂ ತಗ್ಗಿಸಬೇಕೆಂಬ ಪಾಠ ಮುಂದಿನ ಔಷಧಗಳ ವಿನ್ಯಾಸದಲ್ಲಿ ಉಳಿದುಕೊಂಡಿತು.

ಪ್ರಯೋಗಗಳ ದಾರಿ

ಮೌನೀಕರಣದ ಔಷಧಗಳಿಗಿಂತ ಮೊದಲು ಬಂದದ್ದು ನಾಲ್ಕು ತುಣುಕುಗಳ ಕಟ್ಟು ಬಿಚ್ಚದಂತೆ ಬಿಗಿಹಿಡಿಯುವ ಟಫಾಮಿಡಿಸ್ ಎಂಬ ಮಾತ್ರೆ. 441 ರೋಗಿಗಳ ಮೇಲೆ 30 ತಿಂಗಳು ನಡೆದ ಪ್ರಯೋಗದಲ್ಲಿ ಮಾತ್ರೆ ಪಡೆದವರಲ್ಲಿ ಶೇಕಡಾ 29.5ರಷ್ಟೂ ಹುಸಿಮಾತ್ರೆ ಪಡೆದವರಲ್ಲಿ ಶೇಕಡಾ 42.9ರಷ್ಟೂ ಮಂದಿ ತೀರಿಕೊಂಡರು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಹೃದ್ರೋಗದ ಬಳಕೆಗೆ ಅನುಮತಿ ನೀಡಿತು. ಕಟ್ಟು ಬಿಗಿಯುವುದು ಮತ್ತು ತಯಾರಿಕೆಯನ್ನೇ ತಗ್ಗಿಸುವುದು ಒಂದೇ ರೋಗದ ಎರಡು ತುದಿಗಳಲ್ಲಿ ನಡೆಯುವ ಕೆಲಸಗಳು. ಹಾಗಾಗಿ ಮೌನೀಕರಣ ಔಷಧಗಳು ಹುಸಿಮದ್ದನ್ನು ಗೆದ್ದರೆ ಸಾಲದೆ, ಆಗಲೇ ನೆಲೆಯೂರಿದ್ದ ಮಾತ್ರೆಯ ನಡುವೆಯೂ ತಮ್ಮ ಉಪಯೋಗವನ್ನು ತೋರಬೇಕಾಯಿತು.

ಹೃದಯದ ರೂಪದ ಮೇಲೆ ನಡೆದ ಮೊದಲ ದೊಡ್ಡ ಮೌನೀಕರಣ ಪ್ರಯೋಗ ದುರಂತದಲ್ಲಿ ನಿಂತಿತು. ಸಕ್ಕರೆ ಕಟ್ಟಿದ ಎಳೆಗಳಲ್ಲಿ ಮೊದಲ ತಲೆಮಾರಿನದಾದ ರೆವುಸಿರಾನ್ ಅನ್ನು 206 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸುತ್ತಿದ್ದಾಗ, ಔಷಧ ಪಡೆದವರಲ್ಲಿ 18 ಮಂದಿಯೂ ಹುಸಿಮದ್ದು ಪಡೆದವರಲ್ಲಿ 2 ಮಂದಿಯೂ ತೀರಿಕೊಂಡದ್ದು ಕಂಡು 2016ರ ಅಕ್ಟೋಬರಿನಲ್ಲಿ ಅದನ್ನು ಕೈಬಿಡಲಾಯಿತು. ಔಷಧ ಪಡೆದವರ ಸಂಖ್ಯೆ ಇನ್ನೊಂದು ಗುಂಪಿನ ಇಮ್ಮಡಿಗೂ ಹೆಚ್ಚಿದ್ದಿತಾದರೂ ಈ ವ್ಯತ್ಯಾಸವನ್ನು ಅದರಿಂದ ವಿವರಿಸಲಾಗುವುದಿಲ್ಲ. ಬಳಿಕ ನಡೆದ ವಿಶ್ಲೇಷಣೆಯಲ್ಲಿ ಔಷಧವೇ ಕಾರಣವೆಂದಾಗಲಿ ಅಲ್ಲವೆಂದಾಗಲಿ ಖಚಿತವಾಗಲಿಲ್ಲ. ಆ ಎಳೆ ಬೇಗ ಸವೆಯುತ್ತಿದ್ದುದರಿಂದ ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಚುಚ್ಚಬೇಕಾಗುತ್ತಿತ್ತು ಎಂಬುದು ಮಾತ್ರ ಸ್ಪಷ್ಟ. ಮುಂದಿನ ಎಳೆಗಳನ್ನು ಗಟ್ಟಿಗೊಳಿಸಿ, ಬೇಕಾಗುವ ಪ್ರಮಾಣವನ್ನು ಹಲವು ಪಟ್ಟು ತಗ್ಗಿಸಿದ್ದರ ಹಿನ್ನೆಲೆ ಇದು.

ಕೊಬ್ಬಿನ ಕಣಗಳ ದಾರಿ ಹಿಡಿದಿದ್ದ ಪಟಿಸಿರಾನ್, 225 ರೋಗಿಗಳ ಪ್ರಯೋಗದಲ್ಲಿ ನರಗಳ ರೂಪದ ರೋಗವನ್ನು ತಡೆದು, 2018ರ ಆಗಸ್ಟಿನಲ್ಲಿ ಅನುಮತಿ ಪಡೆದ ಮೊಟ್ಟಮೊದಲ ಆರ್‌ಎನ್‌ಎ ಹಸ್ತಕ್ಷೇಪ ಔಷಧವಾಯಿತು. ಫೈರ್ ಮತ್ತು ಮೆಲ್ಲೊ ಅವರ ಪ್ರಬಂಧದಿಂದ ಲೆಕ್ಕ ಹಾಕಿದರೆ ಇದು 20 ವರ್ಷಗಳ ದಾರಿ. ಅದನ್ನು ಹೃದಯದ ರೂಪಕ್ಕೆ ಬಳಸಿದ 360 ರೋಗಿಗಳ ಪ್ರಯೋಗದಲ್ಲಿ ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರ, ವರ್ಷದ ಕೊನೆಗೆ, ಹುಸಿಮದ್ದು ಪಡೆದವರಿಗಿಂತ ಸುಮಾರು 15 ಮೀಟರ್‌ನಷ್ಟು ಕಡಿಮೆ ಕುಗ್ಗಿತ್ತು. ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿ 9 ಮತಕ್ಕೆ 3ರ ಅಂತರದಲ್ಲಿ ಪರವಾಗಿ ನಿಂತರೂ, ಇಷ್ಟು ಲಾಭ ರೋಗಿಯ ಬದುಕಿನಲ್ಲಿ ಅರ್ಥಪೂರ್ಣವೆಂದು ಸಿದ್ಧವಾಗಿಲ್ಲವೆಂದು ಹೇಳಿ ಆಡಳಿತ 2023ರ ಅಕ್ಟೋಬರಿನಲ್ಲಿ ಅನುಮತಿ ನಿರಾಕರಿಸಿತು. ಆ ನಿರಾಕರಣೆ ಕಠಿಣವೆನಿಸಿದರೂ ನ್ಯಾಯವಾದದ್ದೇ. ಹನ್ನೆರಡು ತಿಂಗಳಲ್ಲಿ ನಡಿಗೆಯ ದೂರವನ್ನು ಅಳೆಯುವ ಪ್ರಯೋಗ, ವರ್ಷಗಟ್ಟಲೆ ನಿಧಾನವಾಗಿ ಕೊಲ್ಲುವ ರೋಗದ ಬಗ್ಗೆ ಮುಖ್ಯ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ವುಟ್ರಿಸಿರಾನ್ ಪ್ರಯೋಗ. ಇದು ಸಕ್ಕರೆ ಕಟ್ಟಿದ, ಗಟ್ಟಿಗೊಳಿಸಿದ ಎಳೆ; ಮೂರು ತಿಂಗಳಿಗೊಮ್ಮೆ 25 ಮಿಲಿಗ್ರಾಂ ಚರ್ಮದಡಿ ಚುಚ್ಚಿದರೆ ಸಾಕು. ಹೀಲಿಯೋಸ್-ಬಿ ಎಂಬ ಹೆಸರಿನ ಈ ಪ್ರಯೋಗದಲ್ಲಿ 655 ರೋಗಿಗಳಿದ್ದರು, ಅವರಲ್ಲಿ ಸುಮಾರು ಶೇಕಡಾ 40 ಮಂದಿ ಆರಂಭದಲ್ಲೇ ಟಫಾಮಿಡಿಸ್ ಸೇವಿಸುತ್ತಿದ್ದರು, ಮತ್ತು ಪ್ರಯೋಗದ ಮುಖ್ಯ ಹಂತ 36 ತಿಂಗಳವರೆಗೂ ಇತ್ತು. 2024ರ ಆಗಸ್ಟ್ 30ರಂದು ಲಂಡನ್ನಿನಲ್ಲಿ ನಡೆದ ಯುರೋಪಿಯನ್ ಹೃದ್ರೋಗ ಸಮ್ಮೇಳನದಲ್ಲಿ ಫಲಿತಾಂಶ ಹೊರಬಂದಿತು: ಯಾವುದೇ ಕಾರಣದ ಸಾವು ಮತ್ತು ಮತ್ತೆ ಮತ್ತೆ ಎದುರಾಗುವ ಹೃದಯ ಸಂಬಂಧಿ ಆಘಾತಗಳನ್ನು ಒಟ್ಟಿಗೆ ಎಣಿಸಿದಾಗ ಅಪಾಯ ಶೇಕಡಾ 28ರಷ್ಟು ಇಳಿದಿತ್ತು, ಆ ಬಳಿಕದ ತಿಂಗಳುಗಳನ್ನೂ ಸೇರಿಸಿ 42 ತಿಂಗಳವರೆಗಿನ ಸಾವಿನ ಅಪಾಯವನ್ನಷ್ಟೇ ಎಣಿಸಿದರೆ ಶೇಕಡಾ 35ರಷ್ಟು ಇಳಿದಿತ್ತು. ಟಫಾಮಿಡಿಸ್ ಇಲ್ಲದೆ ವುಟ್ರಿಸಿರಾನ್ ಒಂದನ್ನೇ ಪಡೆದವರಲ್ಲಿ ಲಾಭ ಇನ್ನೂ ತುಸು ಹೆಚ್ಚಾಗಿತ್ತು. 2025ರ ಮಾರ್ಚಿನಲ್ಲಿ ಅದಕ್ಕೆ ಹೃದಯದ ರೂಪಕ್ಕೂ ಅನುಮತಿ ದೊರೆಯಿತು. ಹೃದಯ ವೈಫಲ್ಯದಿಂದ ಸಾಯುವವರ ಸಂಖ್ಯೆಯನ್ನು ಮೌನೀಕರಣ ಇಳಿಸಬಲ್ಲುದೆಂಬುದಕ್ಕೆ ಇದು ಮೊದಲ ನೇರ ಪುರಾವೆ.

ಒಂಟಿ ಎಳೆಯ ಪ್ರತಿಸಂವೇದಿ ಔಷಧಗಳೂ ಇದೇ ಗುರಿಯ ಕಡೆಗೆ ಸಾಗಿವೆ. ಅವುಗಳಲ್ಲಿ ಮೊದಲನೆಯದಾದ ಇನೊಟರ್ಸೆನ್ ರಕ್ತದ ಕಿರುಬಿಲ್ಲೆಗಳನ್ನು ಅಪಾಯಕಾರಿಯಾಗಿ ಇಳಿಸಿ ಮೂತ್ರಪಿಂಡಗಳಿಗೂ ತೊಂದರೆ ಕೊಟ್ಟದ್ದರಿಂದ ಹಿಂದೆ ಬಿತ್ತು. ಅದೇ ಎಳೆಗೆ ಯಕೃತ್ತಿನ ಸಕ್ಕರೆಯನ್ನು ಕಟ್ಟಿ ರೂಪಿಸಿದ ಎಪ್ಲೊಂಟರ್ಸೆನ್ ನರಗಳ ರೂಪಕ್ಕೆ 2023ರಲ್ಲಿ ಅನುಮತಿ ಪಡೆದು, ಹೃದಯದ ರೂಪದ 1,400ಕ್ಕೂ ಹೆಚ್ಚು ರೋಗಿಗಳ ಪ್ರಯೋಗಕ್ಕೆ ಒಳಪಟ್ಟಿದೆ.

ಟ್ರಾನ್ಸ್‌ಥೈರೆಟಿನ್ ಇಳಿದಾಗ ರಕ್ತದಲ್ಲಿ ಎ ಜೀವಸತ್ವದ ಮಟ್ಟವೂ ಇಳಿಯುವುದರಿಂದ ಈ ಔಷಧಗಳ ಜೊತೆ ದಿನಕ್ಕೆ ಬೇಕಾದಷ್ಟು ಎ ಜೀವಸತ್ವವನ್ನು ಪೂರಕವಾಗಿ ಕೊಡುವುದು ರೂಢಿ. ಹೆಚ್ಚು ಕೊಡುವುದರಿಂದ ಪ್ರಯೋಜನವಿಲ್ಲ. ಕೊರತೆ ಕಾಣುವುದು ಸಾಗಿಸುವ ಪ್ರೋಟೀನಿನಲ್ಲಿ, ಯಕೃತ್ತಿನ ದಾಸ್ತಾನಿನಲ್ಲಲ್ಲ. ಇದಕ್ಕಿಂತ ಮುಖ್ಯವಾದ ಮಿತಿ ಬೇರೆಯೇ ಇದೆ. ಮೌನೀಕರಣ ಹೊಸ ನಾರುಗಳ ಪೂರೈಕೆಯನ್ನು ಕಡಿಯುತ್ತದೆಯೇ ವಿನಾ ಆಗಲೇ ಸೇರಿಕೊಂಡ ನಾರುಗಳನ್ನು ತೆಗೆಯುವುದಿಲ್ಲ. ಹಾಗಾಗಿ ಬೇಗ ಆರಂಭಿಸಿದವರಿಗೆ ಲಾಭ ಹೆಚ್ಚು, ಹೃದಯ ಪೂರ್ತಿ ಬಿಗಿದ ಮೇಲೆ ಬಂದವರಿಗೆ ಕಡಿಮೆ. ಲಂಡನ್ನಿನ ವೈದ್ಯರು 2023ರಲ್ಲಿ ವರದಿ ಮಾಡಿದ ಮೂವರು ವೃದ್ಧರಲ್ಲಿ ದೇಹವೇ ಅಮೈಲಾಯ್ಡಿಗೆ ವಿರುದ್ಧವಾಗಿ ಪ್ರತಿಕಾಯಗಳನ್ನು ತಯಾರಿಸಿ ಹೃದಯವನ್ನು ಬಹುಮಟ್ಟಿಗೆ ತೊಳೆದುಹಾಕಿತ್ತು. ಅಂಥ ಪ್ರತಿಕಾಯಗಳನ್ನು ಔಷಧವಾಗಿ ಕೊಟ್ಟು, ಮೌನೀಕರಣದ ಜೊತೆಗೂಡಿಸುವ ಯೋಚನೆಗೆ ಈ ವರದಿ ಜೀವ ತುಂಬಿದೆ.

ಬೆಲೆ ಇನ್ನೊಂದು ಗೋಡೆ. ಟಫಾಮಿಡಿಸ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ವರ್ಷದ ಔಷಧಕ್ಕೆ 2,25,000 ಡಾಲರ್ ಎಂದೂ, ಪಟಿಸಿರಾನ್ ಬಂದಾಗ 4,50,000 ಡಾಲರ್ ಎಂದೂ ಬೆಲೆ ಘೋಷಿಸಲಾಗಿತ್ತು. ಬದುಕಿರುವಷ್ಟು ಕಾಲ ಪಡೆಯಬೇಕಾದ, ಮುಖ್ಯವಾಗಿ ವೃದ್ಧರಿಗೆ ಬೇಕಾದ ಔಷಧಕ್ಕೆ ಇಂಥ ಬೆಲೆ ಇರುವವರೆಗೆ, ಚಿಕಿತ್ಸೆಯ ವೆಚ್ಚವನ್ನು ರೋಗಿಯ ಮನೆಯೇ ಭರಿಸಬೇಕಾದ ದೇಶಗಳಲ್ಲಿ ಅದು ಪಠ್ಯಪುಸ್ತಕದ ಸಂಗತಿಯಾಗಿಯೇ ಉಳಿಯುವ ಅಪಾಯವಿದೆ.

ತಗ್ಗಿಸುವುದರ ಬದಲು ತಿದ್ದುವುದು

ಚುಚ್ಚುಮದ್ದು ನಿಲ್ಲಿಸಿದರೆ ಪ್ರೋಟೀನು ಮತ್ತೆ ಏರುತ್ತದೆ. ಇದು ಮೌನೀಕರಣದ ಕೊರತೆಯೂ ಹೌದು, ರಕ್ಷಣೆಯೂ ಹೌದು. ಈ ಕೊರತೆಯನ್ನು ನೀಗಲು ಕ್ರಿಸ್ಪರ್ ಎಂಬ ಕತ್ತರಿಯನ್ನು ಕೊಬ್ಬಿನ ಕಣಗಳಲ್ಲಿಟ್ಟು ಯಕೃತ್ತಿಗೆ ಕಳುಹಿಸಿ, ಟ್ರಾನ್ಸ್‌ಥೈರೆಟಿನ್ ವಂಶವಾಹಿಯನ್ನೇ ಶಾಶ್ವತವಾಗಿ ಕೆಡಿಸುವ ಚಿಕಿತ್ಸೆಯನ್ನು ಆರು ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿ 2021ರಲ್ಲಿ ಪ್ರಕಟವಾಯಿತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಒಂದೇ ಸಲದ ಚಿಕಿತ್ಸೆಯಿಂದ 28 ದಿನಗಳಲ್ಲಿ ಪ್ರೋಟೀನು ಸರಾಸರಿ ಶೇಕಡಾ 87ರಷ್ಟು ಇಳಿದಿತ್ತು; 2024ರಲ್ಲಿ ವರದಿಯಾದ 36 ಹೃದ್ರೋಗಿಗಳಲ್ಲೂ ಇಳಿಕೆ ಇದೇ ಮಟ್ಟದಲ್ಲಿ ಉಳಿದಿತ್ತು. ಆದರೆ ಮುಂದಿನ ದೊಡ್ಡ ಪ್ರಯೋಗಗಳಲ್ಲಿ ಒಬ್ಬ ರೋಗಿಯ ಯಕೃತ್ತಿಗೆ ತೀವ್ರ ಹಾನಿಯಾದ ಚಿಹ್ನೆಗಳು ಕಂಡು, 2025ರ ಅಕ್ಟೋಬರಿನಲ್ಲಿ ಹೊಸಬರಿಗೆ ಅದನ್ನು ಕೊಡುವುದನ್ನು ತಡೆಹಿಡಿಯಬೇಕಾಯಿತು. ಮೂರು ತಿಂಗಳ ಮೌನವನ್ನು ಅಪಾಯ ಕಂಡಾಗ ಮುಂದುವರಿಸದೆ ಬಿಡಬಹುದು. ಕತ್ತರಿಸಿದ ವಂಶವಾಹಿಯನ್ನು ಮರಳಿ ಕೂಡಿಸಲಾಗದು.

ಹೃದಯದೊಳಗಿನ ಗುರಿಗಳು

ಹೃದಯದ ಕೋಶಗಳಲ್ಲೇ ಹುಟ್ಟುವ ದೋಷಗಳನ್ನು ಮೌನಗೊಳಿಸುವ ಯತ್ನಗಳು ಬಹುಪಾಲು ಇನ್ನೂ ಪ್ರಾಣಿಗಳಲ್ಲಿವೆ. ಹೃದಯ ಪ್ರತಿ ಸಲ ಬಡಿದಾಗಲೂ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಂದು ಸ್ನಾಯುವನ್ನು ಸಂಕುಚಿಸಿ, ಮತ್ತೆ ಒಂದು ಪಂಪಿನ ಮೂಲಕ ಒಳಸೇರಿದಾಗ ಸ್ನಾಯು ಸಡಿಲವಾಗುತ್ತದೆ. ಆ ಪಂಪಿಗೆ ಲಗಾಮಾಗಿರುವ ಪುಟ್ಟ ಪ್ರೋಟೀನು ಫಾಸ್ಫೊಲ್ಯಾಂಬನ್. ಸೋಲುವ ಹೃದಯದಲ್ಲಿ ಪಂಪು ಕುಗ್ಗಿ ಲಗಾಮು ಬಿಗಿಯಾಗುವುದರಿಂದ, ಪಂಪಿನ ವಂಶವಾಹಿಯನ್ನು ವೈರಸ್ಸಿನ ಮೂಲಕ ಸೇರಿಸುವ ಯತ್ನ 250 ರೋಗಿಗಳ ಪ್ರಯೋಗದಲ್ಲಿ ವಿಫಲವಾದ ಮೇಲೆ, ಲಗಾಮನ್ನೇ ಸಡಿಲಿಸುವ ಯೋಚನೆಗೆ ಬಲ ಬಂದಿತು. ನೆದರ್ಲೆಂಡ್ಸಿನಲ್ಲಿ ಶತಮಾನಗಳ ಹಿಂದಿನ ಒಬ್ಬ ಪೂರ್ವಜರಿಂದ ಹಲವು ಕುಟುಂಬಗಳಿಗೆ ಹರಡಿರುವ ರೂಪಾಂತರವೊಂದರಲ್ಲಿ ಈ ಪ್ರೋಟೀನಿನ 14ನೆಯ ಅಮೈನೋ ಆಮ್ಲ ಕಳೆದುಹೋಗಿ, ಉಳಿದದ್ದು ಕೋಶದಲ್ಲಿ ಗಂಟುಗಟ್ಟಿ, ಹೃದಯ ವೈಫಲ್ಯವೂ ಅಪಾಯಕರ ಲಯದೋಷಗಳೂ ಉಂಟಾಗುತ್ತವೆ. ಅದೇ ರೂಪಾಂತರವುಳ್ಳ ಇಲಿಗಳಿಗೆ ಪ್ರತಿಸಂವೇದಿ ಎಳೆ ಕೊಟ್ಟಾಗ ಗಂಟುಗಳು ಕಡಿಮೆಯಾಗಿ ಆಯುಸ್ಸು ಹೆಚ್ಚಿದುದನ್ನು ಗ್ರೋನಿಂಗನ್ನಿನ ಸಂಶೋಧಕರ ತಂಡ 2021ರಲ್ಲಿ ವರದಿ ಮಾಡಿತು. ಆದರೆ ಇಲಿಯಿಂದ ಮನುಷ್ಯನಿಗೆ ಜಿಗಿಯುವ ಮುನ್ನ ನೆನಪಿಡಬೇಕಾದ ಸಂಗತಿಯೊಂದಿದೆ: ಫಾಸ್ಫೊಲ್ಯಾಂಬನ್ ಪೂರ್ತಿ ಇಲ್ಲದ ಇಲಿಗಳ ಹೃದಯ ಚುರುಕಾಗಿ ಬಡಿಯುತ್ತದೆ, ಹುಟ್ಟಿನಿಂದಲೇ ಅದು ಇಲ್ಲದ ಮನುಷ್ಯರಿಗಾದರೋ ಮಾರಕ ಹೃದಯ ವೈಫಲ್ಯ ಬಂದದ್ದು 2003ರಲ್ಲೇ ವರದಿಯಾಗಿದೆ. ಎಷ್ಟು ತಗ್ಗಿಸಿದರೆ ಹಿತ, ಎಷ್ಟಾದರೆ ಅಹಿತ ಎಂಬ ಗೆರೆಯನ್ನು ಇಲ್ಲಿ ಟ್ರಾನ್ಸ್‌ಥೈರೆಟಿನ್ನಿಗಿಂತ ಬಹಳ ಎಚ್ಚರದಿಂದ ಎಳೆಯಬೇಕಾಗುತ್ತದೆ.

ಎರಡು ಪ್ರತಿಗಳಲ್ಲಿ ಒಂದು ಮಾತ್ರ ದೋಷಯುಕ್ತವಾಗಿರುವ ವಂಶವಾಹಿಯಲ್ಲಿ ಅದೊಂದನ್ನೇ ಆರಿಸಿ ಮೌನಗೊಳಿಸುವುದು ಇನ್ನೂ ಸೂಕ್ಷ್ಮವಾದ ಕೆಲಸ. ಹಾರ್ವರ್ಡಿನ ಕ್ರಿಸ್ಟೀನ್ ಮತ್ತು ಜೊನಾಥನ್ ಸೈಡ್‌ಮನ್ ಅವರ ತಂಡ 2013ರಲ್ಲಿ, ಹೃದಯದ ಗೋಡೆ ದಪ್ಪವಾಗುವ ಆನುವಂಶಿಕ ರೋಗವುಳ್ಳ ಇಲಿಗಳಲ್ಲಿ ದೋಷಯುಕ್ತ ಮಯೋಸಿನ್ ಸಂದೇಶವನ್ನು ಕಾಲು ಭಾಗದಷ್ಟು ತಗ್ಗಿಸಿದ್ದರಿಂದಲೇ ಕನಿಷ್ಠ ಆರು ತಿಂಗಳ ಕಾಲ ರೋಗ ತಲೆದೋರದಂತೆ ತಡೆಯಿತು. ದಕ್ಷಿಣ ಏಷ್ಯಾದವರಿಗೆ ಹತ್ತಿರವಾದ ಪ್ರಶ್ನೆ ಮಯೋಸಿನ್ ಇರುವ ಸ್ನಾಯುತಂತುವಿನಲ್ಲೇ ಇರುವ ಇನ್ನೊಂದು ಪ್ರೋಟೀನಿನದು. ಮಯೋಸಿನ್ ಬಂಧಕ ಪ್ರೋಟೀನ್ ಸಿ ವಂಶವಾಹಿಯಲ್ಲಿ 25 ಅಕ್ಷರಗಳು ಅಳಿಸಿಹೋಗಿರುವ ರೂಪಾಂತರ ಭಾರತೀಯರಲ್ಲಿ ಸುಮಾರು ಶೇಕಡಾ 4 ಮಂದಿಯಲ್ಲಿದ್ದು, ಹೃದಯ ವೈಫಲ್ಯದ ಅಪಾಯವನ್ನು ಹೆಚ್ಚಿಸುತ್ತದೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದರ ಮೊದಲ ಲೇಖಕರಾದ ಪೆರುಂದುರೈ ಧಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯ ಸ್ನಾಯುವಿನ ಆನುವಂಶಿಕ ರೋಗಗಳ ಸಂಶೋಧನೆಯನ್ನು ಮುಂದುವರಿಸಿದರು. ಇಂಥ ರೂಪಾಂತರದಲ್ಲಿ ಕೆಡುಕು ದೋಷಯುಕ್ತ ಪ್ರೋಟೀನಿನ ಇರುವಿಕೆಯಿಂದಲೋ ಒಳ್ಳೆಯ ಪ್ರೋಟೀನಿನ ಕೊರತೆಯಿಂದಲೋ ಎಂಬುದು ಮೊದಲು ತೀರ್ಮಾನವಾಗಬೇಕು. ಕೊರತೆಯೇ ಕಾರಣವಾದರೆ ಮೌನೀಕರಣದಿಂದ ಏನೂ ಸಿಗದು, ಅಲ್ಲಿ ಬೇಕಾದದ್ದು ಸೇರಿಸುವ ಚಿಕಿತ್ಸೆ.

ದೇಹದ ಸ್ವಂತ ಮೌನೀಕರಣ ವ್ಯವಸ್ಥೆಯನ್ನೇ ಹೃದಯದಲ್ಲಿ ಹಿಡಿಯುವ ಯತ್ನವೂ ನಡೆದಿದೆ. ಮೈಕ್ರೋ ಆರ್‌ಎನ್‌ಎ ಎಂಬ ಕಿರು ಎಳೆಗಳು ಕೋಶದಲ್ಲಿ ಸಹಜವಾಗಿಯೇ ಹಲವು ವಂಶವಾಹಿಗಳನ್ನು ಒಟ್ಟಿಗೆ ತಗ್ಗಿಸುತ್ತವೆ. ಇವುಗಳ ಶೋಧಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ದೊರೆಯಿತು. ಒತ್ತಡಕ್ಕೆ ಸಿಕ್ಕ ಹೃದಯದಲ್ಲಿ ಹೆಚ್ಚಾಗುವ 132ನೆಯ ಮೈಕ್ರೋ ಆರ್‌ಎನ್‌ಎ ಕ್ಯಾಲ್ಸಿಯಂ ಪಂಪನ್ನೂ ಹತ್ತಿಕ್ಕುತ್ತದೆ. ಅದನ್ನು ತಡೆಯುವ ಪ್ರತಿಸಂವೇದಿ ಎಳೆಯನ್ನು ಹ್ಯಾನೋವರಿನ ಥಾಮಸ್ ತುಮ್ ಮತ್ತು ಸಂಗಡಿಗರು ರೂಪಿಸಿದರು. ಮೌನಗೊಳಿಸುವುದನ್ನೇ ಮೌನಗೊಳಿಸುವ ಈ ಔಷಧವನ್ನು 28 ಹೃದಯ ವೈಫಲ್ಯ ರೋಗಿಗಳು ಸುರಕ್ಷಿತವಾಗಿ ಸಹಿಸಿಕೊಂಡರೆಂದು 2021ರಲ್ಲಿ ವರದಿಯಾಯಿತು, ಆ ಬಳಿಕ ಅದು ಹೃದಯಾಘಾತಕ್ಕೆ ಒಳಗಾದವರ ದೊಡ್ಡ ಪ್ರಯೋಗಕ್ಕೆ ಹೋಯಿತು.

ಹೃದಯ ವೈಫಲ್ಯಕ್ಕೆ ದಾರಿಮಾಡುವ ಸ್ಥಿತಿಗಳನ್ನು ಮೊದಲೇ ತಡೆಯಲು ಯಕೃತ್ತಿನ ದಾರಿ ಮತ್ತೆ ನೆರವಾಗಿದೆ: ವರ್ಷಕ್ಕೆರಡು ಸಲ ಚುಚ್ಚುವ ಇನ್‌ಕ್ಲಿಸಿರಾನ್ ಕೊಲೆಸ್ಟೆರಾಲನ್ನು ಇಳಿಸುತ್ತದೆ, ಆಂಜಿಯೊಟೆನ್ಸಿನೋಜನ್ನಿನ ತಯಾರಿಕೆ ತಗ್ಗಿಸುವ ಜಿಲೆಬೆಸಿರಾನ್ ರಕ್ತದೊತ್ತಡವನ್ನು ತಿಂಗಳುಗಟ್ಟಲೆ ಇಳಿಸಬಲ್ಲುದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹೃದಯದ ಬಾಗಿಲಿಗೆ ಬೇರೆ ಕೀಲಿಯನ್ನು ಹುಡುಕುತ್ತಿರುವವರು ಕಬ್ಬಿಣವನ್ನು ಕೋಶದೊಳಗೆ ತರುವ ಟ್ರಾನ್ಸ್‌ಫೆರಿನ್ ಗ್ರಾಹಕದತ್ತ ತಿರುಗಿದ್ದಾರೆ. ಅಸ್ಥಿಸ್ನಾಯು ಮತ್ತು ಹೃದಯಸ್ನಾಯು ಎರಡರಲ್ಲೂ ಇರುವ ಈ ಗ್ರಾಹಕಕ್ಕೆ ಅಂಟುವ ಪ್ರತಿಕಾಯವೊಂದರ ಬೆನ್ನಿಗೆ ಮೌನಗೊಳಿಸುವ ಎಳೆಯನ್ನು ಕಟ್ಟಿ ಕಳುಹಿಸುವ ವಿಧಾನ ಮೊದಲು ಸ್ನಾಯುಕ್ಷಯದ ರೋಗಗಳಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೆ ಬಂದಿದೆ. ಫಾಸ್ಫೊಲ್ಯಾಂಬನ್ ರೂಪಾಂತರದಂಥ ಹೃದಯದ ಗುರಿಗಳನ್ನೂ ಇದೇ ವಿಧಾನದಿಂದ ಮುಟ್ಟುವ ಕೆಲಸ ಪ್ರಯೋಗಾಲಯದ ಹಂತದಲ್ಲಿದೆ.